ಹೆಸರೂ ಅದನ್ನು ಹೊತ್ತವರೂ



ಒಳ್ಳೇ ಕುರುಬನು ತನ್ನ ಕುರಿಗಳನ್ನು ಹಿಂಡುಹಿಂಡಾಗಿ ಅಲ್ಲ, ಒಂದೊಂದನ್ನೂ ಅದರದರ ಹೆಸರಿನಿಂದಲೇ ಕೂಗುತ್ತಾನೆಂಬ ಸಂಗತಿಯು ಯೋಹಾನನ ಸುವಾರ್ತೆಯ ೧೦ನೆಯ ಅಧ್ಯಾಯದ ೩ನೆಯ ವಚನದಲ್ಲಿ ಉಂಟು. ಅದನ್ನು ನೀವು ಓದಿದ್ದೀರಿ. ಓದು ಬಾರದವರು ಕೇಳಿದ್ದೀರಿ. ಈ ತಿಂಗಳು ಆ ವಚನವನ್ನು ಮುಂದಿಟ್ಟುಕೊಂಡು ಹೆಸರುಗಳ ವಿಷಯವಾಗಿ ಕೆಲವು ಮಾತುಗಳನ್ನು ಬರೆಯಬೇಕೆಂದಿದ್ದೇವೆ. ಮೊದಲು ನಮ್ಮದೇ ಒಂದು ತಪ್ಪನ್ನು ಅರಿಕೆಮಾಡುವದು ನ್ಯಾಯವಾಗಿದೆ. ಯಾಕಂದರೆ ಈ ಬರಹವು ಆ ತಪ್ಪಿನಿಂದಲೇ ಹುಟ್ಟಿತು.

ಕೆಲವು ವರುಷಗಳ ಹಿಂದೆ ನಾವು ಉಪದೇಶಿಯಾಗಿದ್ದ ಒಂದು ಹಳ್ಳಿಯಲ್ಲಿ ವೃದ್ಧೆಯೊಬ್ಬಳು ದೀಕ್ಷಾಸ್ನಾನಕ್ಕೆ ಸಿದ್ಧಳಾದಳು. ಆಕೆಯ ಹೆಸರನ್ನು ಇಲ್ಲಿ ಬರೆಯುವದಿಲ್ಲ. ಅದು ತಿಪ್ಪೆಯಿಂದ ಬಂದ ಹೆಸರೆಂದು ಹೇಳಿದರೆ ಸಾಕು. ಅಂಥ ಹೆಸರುಗಳು ನಮ್ಮ ಸೀಮೆಯಲ್ಲಿ ಎಷ್ಟೋ ಇವೆ. ಸ್ನಾನ ಹೊಂದುವವರ ಪಟ್ಟಿಯನ್ನು ಬರೆಯುವ ಕೆಲಸವು ನಮ್ಮದಾಗಿತ್ತು. ಆ ಹೆಸರನ್ನು ಕೇಳಿದೊಡನೆ ನಾವು ಲೇಖನಿಯನ್ನು ತಡೆದು, “ಅಜ್ಜೀ, ಇದು ಸಭೆಯ ಪುಸ್ತಕದಲ್ಲಿ ಬರೆಯತಕ್ಕ ಹೆಸರಲ್ಲ. ಈಡಿತ್ ಎಂದು ಬರೆಯುತ್ತೇವೆ” ಅಂದೆವು. ಆಕೆ ಆ ಹೆಸರನ್ನು ಎರಡು ಮೂರು ಸಾರಿ ನುಡಿದು ನೋಡಿದಳು, ನಾಲಿಗೆ ತಿರುಗಲಿಲ್ಲ. ಆಮೇಲೆ, “ಇದರ ಅರ್ಥ ಏನು ಅಯ್ಯನವರೇ?” ಎಂದು ಕೇಳಿದಳು. ನಮಗೆ ಅದರ ಅರ್ಥವು ತಿಳಿದಿರಲಿಲ್ಲ. ತಿಳಿಯದೆಂದು ಹೇಳುವದಕ್ಕೆ ನಾಚಿಕೆಪಟ್ಟು, “ಅದು ಕ್ರೈಸ್ತರ ಹೆಸರು” ಎಂದು ಉತ್ತರಕೊಟ್ಟೆವು.

ಆ ಮೇಲೆ ಆದಿತ್ಯವಾರಗಳಲ್ಲಿ ಸಭೆಯವರ ಹೆಸರುಗಳನ್ನು ಕೂಗುವಾಗ ಈಡಿತ್ ಎಂದರೆ ಆಕೆ ಏಳುತ್ತಿರಲಿಲ್ಲ. ಪಕ್ಕದವರು ಮೊಣಕೈಯಿಂದ ತಿವಿದರೆ ಗಾಬರಿಯಿಂದ ಎದ್ದು ನಿಲ್ಲುವಳು, ಮಕ್ಕಳು ನಗುವರು. ಒಂದು ಸಂಜೆ ಆಕೆ ನಮ್ಮ ಜಗಲಿಯ ಮೇಲೆ ಕೂತು ಮೆಲ್ಲನೆ ಹೇಳಿದ್ದೇನಂದರೆ: “ಅಯ್ಯನವರೇ, ನನಗಿಂತ ಮುಂಚೆ ನಮ್ಮವ್ವಗೆ ಮೂರು ಕೂಸು ಹುಟ್ಟಿ ಮೂರೂ ಹೋದವು. ನಾಲ್ಕನೇದು ನಾನು. ಇದರ ಮೇಲಾದರೂ ಕಣ್ಣು ಬೀಳಬಾರದು ಅಂತ ನನ್ನನ್ನ ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ಆ ಹೆಸರಿಟ್ಟಳು. ಯಾರಾದರೂ ಆ ಹೆಸರು ಹಿಡಿದು ಕರೆದರೆ ನಮ್ಮವ್ವನೇ ಕರೆದಂಗೆ ಆಗತಿತ್ತು. ಈಗ ನನ್ನನ್ನ ಯಾರೂ ಕರೆಯೋದಿಲ್ಲ.”

ಪ್ರಿಯರೇ, ಈ ಮಾತು ನಮ್ಮನ್ನು ಬಹಳವಾಗಿ ಬಾಧಿಸಿತು. ತಾಯಿಯ ಕಣ್ಣೀರಿನಿಂದ ಬಂದ ಹೆಸರನ್ನು ತೆಗೆದುಹಾಕಿ ನಾವು ಕೊಟ್ಟದ್ದು ಯಾವದು? ಅದರ ಅರ್ಥವನ್ನಾದರೂ ತಿಳಿಯೋಣವೆಂದು ನಾವು ಓದಿದ ಸೆಮಿನರಿಯ ಪುಸ್ತಕಶಾಲೆಯಲ್ಲಿ ನಿಘಂಟುಗಳನ್ನೂ ಇಂಗ್ಲೆಂಡಿನ ಸಭಾಚರಿತ್ರೆಯನ್ನೂ ತೆರೆದು ನೋಡಿದೆವು. ಈಡಿತ್ ಎಂಬದು ಹಳೆಯ ಇಂಗ್ಲಿಷಿನ ಎರಡು ಪದಗಳು ಕೂಡಿ ಆದ ಹೆಸರು. ಮೊದಲನೆಯದಕ್ಕೆ ಐಶ್ವರ್ಯವೆಂದೂ ಎರಡನೆಯದಕ್ಕೆ ಯುದ್ಧವೆಂದೂ ಅರ್ಥ. ಕ್ರಿಸ್ತನ ಮಾತು ಅದರಲ್ಲಿ ಒಂದೂ ಇಲ್ಲ. ನಾವು ಕ್ರೈಸ್ತರ ಹೆಸರೆಂದು ಹೇಳಿ ಆ ಮುದುಕಿಗೆ ಹೊರಿಸಿದ್ದು ಕ್ರಿಸ್ತನನ್ನು ಅರಿಯದ ಕಾಲದವರು ಹೆಣೆದ ಮಾತುಗಳ ಹೆಸರಾಗಿತ್ತು.

ಇದರ ಚರಿತ್ರೆಯನ್ನು ಸ್ವಲ್ಪ ಕೇಳಿರಿ. ಇಂಗ್ಲಿಷ್ ಭಾಷೆಯನ್ನು ಬ್ರಿಟನ್ ದ್ವೀಪಕ್ಕೆ ತಂದವರು ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಕುಲಗಳವರು. ಇವರು ಐದನೆಯ ಶತಮಾನದಲ್ಲಿ ಈಗಿನ ಜರ್ಮನಿ, ಡೆನ್ಮಾರ್ಕ್ ದೇಶಗಳ ಕಡೆಯಿಂದ ಸಮುದ್ರವನ್ನು ದಾಟಿ ಬಂದರು. ಬಂದಾಗ ಅವರು ಕ್ರೈಸ್ತರಾಗಿರಲಿಲ್ಲ; ಟೀವ್, ವೋಡೆನ್, ತೂನೊರ್, ಫ್ರಿಗ್ ಮೊದಲಾದ ದೇವತೆಗಳನ್ನು ಪೂಜಿಸುತ್ತಿದ್ದರು. ಆ ದೇವತೆಗಳ ಹೆಸರುಗಳು ಇಂಗ್ಲಿಷ್ ವಾರಗಳಲ್ಲಿ ಇಂದಿಗೂ ಉಳಿದಿವೆ. ಟೀವನ ದಿನವೇ ಟ್ಯೂಸ್‌ಡೇ, ವೋಡೆನನ ದಿನವೇ ವೆನ್ಸ್‌ಡೇ, ತೂನೊರನ ದಿನವೇ ಥರ್ಸ್‌ಡೇ, ಫ್ರಿಗ್ ದೇವಿಯ ದಿನವೇ ಫ್ರೈಡೇ. ನಾವು ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ ಎಂದು ಗ್ರಹಗಳ ಹೆಸರಿನಿಂದ ವಾರವನ್ನು ಎಣಿಸುವ ಹಾಗೆಯೇ ಇದೂ ಇದೆ. ಇಂಗ್ಲೆಂಡಿನ ಕ್ರೈಸ್ತರು ನೂರಾರು ವರುಷಗಳಿಂದ ವೋಡೆನನ ದಿನದಲ್ಲಿ ಪ್ರಾರ್ಥನೆಗೆ ಕೂಡಿಬಂದಿದ್ದಾರೆ; ಆ ಕೂಟದಲ್ಲಿ ವೋಡೆನನನ್ನು ನೆನೆಯುವವರು ಯಾರೂ ಇಲ್ಲ.

ಆ ಜನರು ಮಕ್ಕಳಿಗೆ ಹೆಸರಿಡುವಾಗ ಎರಡು ಪದಗಳನ್ನು ಜೋಡಿಸುವದು ವಾಡಿಕೆಯಾಗಿತ್ತು. ನಮ್ಮ ಸಭೆಗಳಲ್ಲಿಯೂ ಇರುವ ಕೆಲವು ಹೆಸರುಗಳನ್ನು ನೋಡಿರಿ. ಎಡ್ವರ್ಡ್ ಅಂದರೆ ಐಶ್ವರ್ಯವನ್ನು ಕಾಯುವವನು. ಎಡ್ವಿನ್ ಅಂದರೆ ಐಶ್ವರ್ಯದ ಗೆಳೆಯನು. ಎಡ್ಮಂಡ್ ಅಂದರೆ ಐಶ್ವರ್ಯಕ್ಕೆ ರಕ್ಷಣೆ. ಆಲ್‌ಫ್ರೆಡ್ ಎಂಬದರಲ್ಲಿ ಎಲ್ಫ್ ಎಂದು ಹೇಳುವ ಕಾಡಿನ ದೇವತೆಗಳ ಆಲೋಚನೆಯೆಂಬ ಅರ್ಥವಿದೆ. ಓಸ್ವಾಲ್ಡ್ ಎಂಬದರಲ್ಲಿ ‘ಓಸ್’ ಎಂಬದು ಅವರ ಹಳೆಯ ದೇವರುಗಳನ್ನು ಸೂಚಿಸುವ ಮಾತು. ದೇವರ ಬಲದಿಂದ ಆಳುವವನೆಂದು ಅದರ ತಾತ್ಪರ್ಯ. ನಾವು ಬಿಟ್ಟುಬಂದೆವೆಂದು ತಿಳಿದ ಸಂಗತಿಯೇ ನಾವು ಆಶೆಯಿಂದ ತೆಗೆದುಕೊಂಡ ಹೆಸರಿನೊಳಗೆ ಅಡಗಿತ್ತೆಂದು ಕಂಡು ನಾವು ಬೆರಗಾದೆವು.

೫೯೭ರಲ್ಲಿ ಅಗಸ್ಟೀನನೆಂಬ ಸಂನ್ಯಾಸಿಯು ರೋಮಾಪುರದಿಂದ ಕೆಂಟ್ ಸೀಮೆಗೆ ಬಂದು ಸುವಾರ್ತೆಯನ್ನು ಸಾರಿದನು. ಅಲ್ಲಿಯ ಅರಸನಾದ ಎಥೆಲ್‌ಬರ್ಟನು ದೀಕ್ಷಾಸ್ನಾನ ಹೊಂದಿದನು. ಹೊಸದಾಗಿ ನಂಬಿದವರ ಹಳೆಯ ಗುಡಿಗಳನ್ನೂ ಹಬ್ಬಗಳನ್ನೂ ಏನು ಮಾಡಬೇಕೆಂಬ ಪ್ರಶ್ನೆಯು ಆಗಲೇ ಹುಟ್ಟಿತು. ರೋಮಿನ ಸಭಾಧ್ಯಕ್ಷನಾಗಿದ್ದ ಗ್ರೆಗೊರಿಯು ೬೦೧ರಲ್ಲಿ ಬರೆದ ಪತ್ರದಲ್ಲಿ, ವಿಗ್ರಹಗಳನ್ನು ನಾಶಮಾಡಬೇಕು, ಆದರೆ ಕಟ್ಟಡಗಳು ಗಟ್ಟಿಯಾಗಿದ್ದರೆ ಅವುಗಳನ್ನು ಕೆಡವದೆ ಸತ್ಯದೇವರ ಆರಾಧನೆಗೆ ತಕ್ಕೊಳ್ಳಬೇಕು ಎಂಬ ಆಲೋಚನೆಯನ್ನು ಹೇಳಿದನು. ಗುಡಿಗೆ ಆದದ್ದು ಹೆಸರಿಗೂ ಆಯಿತು. ಉತ್ತರದ ನಾರ್ತಂಬ್ರಿಯ ಸೀಮೆಯ ಅರಸನಾದ ಎಡ್ವಿನನು ೬೨೭ರಲ್ಲಿ ಯಾರ್ಕ್ ಪಟ್ಟಣದಲ್ಲಿ, ಅವಸರದಿಂದ ಕಟ್ಟಿದ ಒಂದು ಮರದ ದೇವಾಲಯದಲ್ಲಿ ಸ್ನಾನ ಹೊಂದಿದನು. ಆತನು ಎಡ್ವಿನನಾಗಿ ನೀರಿಗೆ ಇಳಿದನು, ಎಡ್ವಿನನಾಗಿಯೇ ನೀರಿನಿಂದ ಎದ್ದನು. ಹೆಸರನ್ನು ಬದಲಾಯಿಸಿಕೊಂಡವರು ಇರಲೇ ಇಲ್ಲವೆಂದು ನಾವು ಹೇಳುವದಿಲ್ಲ. ವೆಸೆಕ್ಸಿನ ಅರಸನಾದ ಕ್ಯಾಡ್ವಾಲನು ೬೮೯ರಲ್ಲಿ ರೋಮಿಗೆ ಹೋಗಿ ಸ್ನಾನ ಹೊಂದಿದಾಗ ಪೇತ್ರನೆಂಬ ಹೆಸರನ್ನು ತಕ್ಕೊಂಡನು. ಆದರೆ ಬಹುಜನರು ತಂದೆತಾಯಿಗಳು ಕರೆದ ಹೆಸರಿನಲ್ಲಿಯೇ ಉಳಿದರು.

ಹಾಗೆ ಉಳಿದವರಲ್ಲಿ ಇಬ್ಬರ ಸಂಗತಿಯನ್ನು ಹೇಳುತ್ತೇವೆ. ಇವರ ವೃತ್ತಾಂತವನ್ನು ಬೀಡನೆಂಬ ಭಕ್ತನು ೭೩೧ರಲ್ಲಿ ಮುಗಿಸಿದ ತನ್ನ ಸಭಾಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ.

ಒಬ್ಬನು ಓಸ್ವಾಲ್ಡ್ ಅರಸನು. ಹಳೆಯ ದೇವರುಗಳ ಮಾತು ಆತನ ಹೆಸರಿನಲ್ಲಿಯೇ ಇತ್ತೆಂದು ಮೇಲೆ ಹೇಳಿದೆವಷ್ಟೇ. ಆತನು ೬೩೫ರಲ್ಲಿ ಅಯೋನ ದ್ವೀಪದಿಂದ ಏಡನ್ ಎಂಬ ಬೋಧಕನನ್ನು ಕರೆಯಿಸಿಕೊಂಡನು. ಏಡನನಿಗೆ ಇಂಗ್ಲಿಷ್ ಭಾಷೆಯು ಚೆನ್ನಾಗಿ ಬಾರದು. ಆಗ ಅರಸನೇ ಬೋಧಕನ ಪಕ್ಕದಲ್ಲಿ ನಿಂತು ಆತನ ಪ್ರಸಂಗವನ್ನು ತನ್ನ ಅಧಿಕಾರಿಗಳಿಗೆ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದನು. ಒಮ್ಮೆ ಪುನರುತ್ಥಾನದ ಹಬ್ಬದಲ್ಲಿ ಅರಸನ ಮುಂದೆ ಬೆಳ್ಳಿಯ ಹರಿವಾಣದಲ್ಲಿ ಊಟವನ್ನು ಬಡಿಸಿದ್ದರು. ಬಾಗಿಲಲ್ಲಿ ಬಡವರು ಬಹಳ ಮಂದಿ ಕೂತಿದ್ದಾರೆಂದು ಸೇವಕನು ಬಂದು ಹೇಳಿದಾಗ, ಆ ಊಟವನ್ನು ಅವರಿಗೆ ಕೊಡಿರಿ, ಹರಿವಾಣವನ್ನೂ ತುಂಡುಮಾಡಿ ಹಂಚಿರಿ ಎಂದು ಅರಸನು ಅಪ್ಪಣೆಕೊಟ್ಟನು. ಇನ್ನೊಬ್ಬಳು ವಿಟ್ಬಿಯ ಮಠವನ್ನು ನಡಿಸಿದ ಹಿಲ್ಡ್ ಎಂಬ ಸ್ತ್ರೀ. ಹಿಲ್ಡ್ ಅಂದರೆ ಕದನ. ಆಕೆ ೬೮೦ರಲ್ಲಿ ತೀರಿಹೋದಳು. ಆಕೆಯನ್ನು ಬಲ್ಲವರೆಲ್ಲರೂ ಆಕೆಯನ್ನು ತಾಯಿಯೆಂದು ಕರೆಯುತ್ತಿದ್ದರೆಂದು ಬೀಡನು ಹೇಳುತ್ತಾನೆ. ಹೆಸರು ಕದನ, ಬದುಕು ತಾಯಿತನ. ಓಸ್ವಾಲ್ಡನ ಹೆಸರನ್ನೂ ಹಿಲ್ಡಳ ಹೆಸರನ್ನೂ ಯಾರೂ ತಿದ್ದಲಿಲ್ಲ. ಅವರ ನಡತೆಯೇ ತಿದ್ದಿತು.

ಇದು ಇಂಗ್ಲೆಂಡಿನವರು ಕಂಡುಹಿಡಿದ ಹೊಸ ಮಾರ್ಗವಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ೧೬ನೆಯ ಅಧ್ಯಾಯದಲ್ಲಿ ಪೌಲನು ಫೊಯಿಬೆಯೆಂಬ ಸಹೋದರಿಯನ್ನು ಸಭೆಯವರಿಗೆ ಒಪ್ಪಿಸುತ್ತಾನೆ. ಫೊಯಿಬೆ ಎಂಬದು ಗ್ರೀಕರ ಒಬ್ಬ ದೇವಿಯ ಹೆಸರು. ಅದೇ ಅಧ್ಯಾಯದಲ್ಲಿ ಹೆರ್ಮನೆಂಬವನಿಗೆ ವಂದನೆಯುಂಟು; ಅದೂ ಗ್ರೀಕರ ದೇವರ ಹೆಸರು. ಅಪೊಲ್ಲೋಸನ ಹೆಸರಿನಲ್ಲಿ ಅಪೊಲ್ಲೋ ದೇವರು ಇದ್ದಾನೆ. ವಿಗ್ರಹಾರಾಧನೆಯ ಮೇಲೆ ಅಷ್ಟು ಕಠಿಣವಾಗಿ ಮಾತಾಡಿದ ಪೌಲನು ಇವರಿಗೆ ಮೊದಲು ಹೆಸರನ್ನು ಬದಲಾಯಿಸಿಕೊಳ್ಳಿರಿ ಎಂದು ಹೇಳಿದ್ದು ಎಲ್ಲಿಯೂ ಕಾಣುವದಿಲ್ಲ. ಆತನಿಗೆ ತಿಳಿದದ್ದು ನಮಗೆ ತಿಳಿಯದೆ ಹೋಯಿತು.

ಹಾಗಾದರೆ ಹೆಸರನ್ನು ಬದಲಾಯಿಸುವ ಆಶೆಯು ಎಲ್ಲಿಂದ ಬರುತ್ತದೆ? ಇದಕ್ಕೂ ಇಂಗ್ಲೆಂಡಿನ ಚರಿತ್ರೆಯಲ್ಲಿಯೇ ಉತ್ತರವುಂಟು. ೧೦೬೬ರಲ್ಲಿ ನಾರ್ಮಂಡಿಯ ವಿಲಿಯಮನು ಫ್ರಾನ್ಸಿನ ಕಡೆಯಿಂದ ದಂಡೆತ್ತಿ ಬಂದು ಇಂಗ್ಲೆಂಡನ್ನು ಗೆದ್ದನು. ಭೂಮಿಯು ನಾರ್ಮನರ ಕೈಸೇರಿತು; ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ಭಾಷೆಯು ಬಂತು. ಇಂಗ್ಲಿಷರು ತಮ್ಮ ಮಕ್ಕಳಿಗೆ ಒಡೆಯರ ಹೆಸರುಗಳನ್ನು ಇಡತೊಡಗಿದರು. ವಿಲಿಯಮ್, ರಾಬರ್ಟ್, ರಿಚರ್ಡ್ ಎಂಬ ಹೆಸರುಗಳು ಊರೂರಿಗೆ ತುಂಬಿದವು. ಹದಿಮೂರನೆಯ ಶತಮಾನದ ಹೊತ್ತಿಗೆ ಅಜ್ಜಂದಿರ ಹಳೆಯ ಹೆಸರುಗಳಲ್ಲಿ ಬಹಳ ಭಾಗವು ಮರೆತುಹೋಯಿತು. ಎಡ್ವರ್ಡ್ ಎಂಬ ಹೆಸರಿಗೆ ಬಲ ಬಂದದ್ದಕ್ಕೆ ಒಂದು ಕಾರಣವುಂಟು: ಮೂರನೆಯ ಹೆನ್ರಿ ಅರಸನು ತಾನು ಭಕ್ತಿಯಿಂದ ನೆನೆಯುತ್ತಿದ್ದ ಹಿಂದಿನ ಎಡ್ವರ್ಡ್ ಅರಸನ ಹೆಸರನ್ನು ೧೨೩೯ರಲ್ಲಿ ಹುಟ್ಟಿದ ತನ್ನ ಮಗನಿಗೆ ಇಟ್ಟನು. ಮಿಕ್ಕ ಹೆಸರುಗಳಲ್ಲಿ ಆಲ್‌ಫ್ರೆಡ್, ಎಡ್ವಿನ್ ಮೊದಲಾದವುಗಳನ್ನು ಇಂಗ್ಲಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸದಾಗಿ ಪ್ರೀತಿಸತೊಡಗಿದರು. ಅದೇ ಕಾಲದಲ್ಲಿ ಅವರ ಆಳಿಕೆಯು ನಮ್ಮ ದೇಶದಲ್ಲಿತ್ತು. ಹಾಗಾಗಿ ಆ ಹೆಸರುಗಳು ನಮ್ಮ ಸಭಾಪುಸ್ತಕಗಳಿಗೂ ಬಂದವು. ಸೋತವರು ಗೆದ್ದವರ ಹೆಸರನ್ನು ಆಶಿಸುವದು ನಮ್ಮಲ್ಲಿ ಮಾತ್ರವೇ ಇರುವ ಬಲಹೀನತೆಯಲ್ಲ. ಯಾರ ಹೆಸರನ್ನು ನಾವು ಆಶಿಸಿದೆವೋ ಅವರಲ್ಲಿಯೂ ಅದು ಇತ್ತು. ಆದರೆ ಆ ಆಶೆಗೆ ಭಕ್ತಿಯೆಂದು ಹೆಸರು ಕೊಡಬಾರದು. ನಾವು ಹಾಗೆ ಕೊಟ್ಟೆವು.

ಇನ್ನು ಮನುಷ್ಯರ ಹೆಸರುಗಳನ್ನು ಬಿಟ್ಟು ಸಾಧಾರಣವಾದ ಕೆಲವು ಮಾತುಗಳನ್ನು ನೋಡೋಣ. ಮಾತುಗಳೂ ಮನುಷ್ಯರ ಹಾಗೆಯೇ ಏಳುತ್ತವೆ, ಬೀಳುತ್ತವೆ.

ಇಂಗ್ಲಿಷರು ಕರ್ತನಿಗೆ ‘ಲಾರ್ಡ್’ ಎಂದು ಹೇಳುವದನ್ನು ನೀವು ಕೇಳಿದ್ದೀರಿ. ಇದು ಗರ್ವದ ಮಾತೆಂದೂ ಸಿಂಹಾಸನದ ಮಾತೆಂದೂ ತೋರಬಹುದು. ಇದರ ಬೇರು ಅಡಿಗೆಯ ಮನೆಯಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ‘ಹ್ಲಾಫ್’ ಅಂದರೆ ರೊಟ್ಟಿ; ‘ವೆಯರ್ಡ್’ ಅಂದರೆ ಕಾಯುವವನು. ರೊಟ್ಟಿಯನ್ನು ಕಾಯುವವನೇ ಹ್ಲಾಫ್‌ವೆಯರ್ಡ್. ಆ ಮಾತು ಸವೆದು ಸವೆದು ಲಾರ್ಡ್ ಆಯಿತು. ‘ಲೇಡಿ’ ಎಂಬದೂ ಹೀಗೆಯೇ: ಅದರ ಮೊದಲನೆಯ ಅರ್ಥವು ರೊಟ್ಟಿಯ ಹಿಟ್ಟನ್ನು ನಾದುವವಳು ಎಂಬದು. ಅವರ ಮನೆಯಲ್ಲಿ ಉಣ್ಣುವ ಆಳಿಗೆ ‘ರೊಟ್ಟಿ ತಿನ್ನುವವನು’ ಎಂಬ ಹೆಸರಿತ್ತು. ಎಥೆಲ್‌ಬರ್ಟನು ಏಳನೆಯ ಶತಮಾನದ ಮೊದಲಲ್ಲಿ ಬರೆಯಿಸಿದ ಕಾನೂನುಗಳಲ್ಲಿ ಈ ಮಾತು ಕಾಣುತ್ತದೆ: ಒಬ್ಬ ಒಕ್ಕಲಿಗನ ‘ರೊಟ್ಟಿ ತಿನ್ನುವವನನ್ನು’ ಕೊಂದವನು ೬ ಶಿಲ್ಲಿಂಗ್ ದಂಡ ಕೊಡಬೇಕು. ಹೀಗೆ ಒಡೆತನವೆಂಬದು ಅವರ ಭಾಷೆಯಲ್ಲಿ ಮೊದಲು ಅಧಿಕಾರವಾಗಿರಲಿಲ್ಲ; ಉಣ್ಣಿಸುವ ಭಾರವಾಗಿತ್ತು. ಉಂಡ ಮನೆಗೆ ಎರಡು ಬಗೆಯಬಾರದೆಂಬ ನಮ್ಮ ಹಿರಿಯರ ಮಾತಿಗೂ ಇದಕ್ಕೂ ಎಷ್ಟು ಸಮೀಪ! ತಾನೇ ಜೀವದ ರೊಟ್ಟಿಯೆಂದು ಹೇಳಿ, ಐದು ಸಾವಿರ ಮಂದಿಯನ್ನು ಹುಲ್ಲಿನ ಮೇಲೆ ಕೂಡಿಸಿ ಉಣ್ಣಿಸಿದಾತನಿಗೆ ಈ ಮಾತು ಒಪ್ಪುವಷ್ಟು ಯಾವ ಅರಸನಿಗೂ ಒಪ್ಪದು. ಓಸ್ವಾಲ್ಡನು ಹಬ್ಬದ ಊಟವನ್ನು ಬಾಗಿಲಿಗೆ ಕಳುಹಿಸಿದ ಹೊತ್ತಿನಲ್ಲಿ ನಿಜವಾದ ಹ್ಲಾಫ್‌ವೆಯರ್ಡ್ ಆಗಿದ್ದನು. ಹೊಲದ ಧಣಿಯಾಗಲಿ ಸಭೆಯ ಹಿರಿಯನಾಗಲಿ ತನ್ನ ಕೈಕೆಳಗಿನವರು ಉಂಡಿದ್ದಾರೋ ಇಲ್ಲವೋ ಎಂದು ಕೇಳದೆ ಒಡೆಯನೆಂದು ಕರೆಯಿಸಿಕೊಂಡರೆ ಆ ಹೆಸರು ಬರಿದಾಗಿದೆ.

ಇನ್ನೆರಡು ಮಾತುಗಳನ್ನು ನೋಡಿರಿ. ‘ಕ್ನಿಹ್ಟ್’ ಎಂದರೂ ಹುಡುಗನು, ‘ಕ್ನಾಫ’ ಎಂದರೂ ಹುಡುಗನು. ಎರಡಕ್ಕೂ ಮನೆಯಲ್ಲಿ ಕೆಲಸಮಾಡುವ ಹುಡುಗನೆಂಬ ಅರ್ಥವಿತ್ತು. ಒಂದೇ ತೊಟ್ಟಿಲಲ್ಲಿ ಬೆಳೆದ ಅಣ್ಣತಮ್ಮಂದಿರ ಹಾಗೆ ಇದ್ದವು. ಮೊದಲನೆಯದು ಅರಸನ ಜೊತೆಯಲ್ಲಿ ಕುದುರೆಯೇರಿ ಯುದ್ಧಕ್ಕೆ ಹೋಗುವ ಭಟರ ಹೆಸರಾಗಿ, ‘ನೈಟ್’ ಎಂಬ ಗೌರವದ ಪದವಿಗೆ ಏರಿತು. ಎರಡನೆಯದು ಆಳಿನ ಹೆಸರಾಗಿಯೇ ಉಳಿದು, ಕಡೆಗೆ ‘ನೇವ್’ ಎಂದಾಗಿ, ಠಕ್ಕನೆಂಬ ಬೈಗುಳಾಯಿತು. ಇದರಲ್ಲಿ ಆಳುಗಳ ತಪ್ಪು ಎಷ್ಟು, ಅವರನ್ನು ಠಕ್ಕರೆಂದು ಎಣಿಸಿದ ಒಡೆಯರ ತಿರಸ್ಕಾರ ಎಷ್ಟು ಎಂದು ನೀವೇ ಆಲೋಚಿಸಿರಿ. ಸ್ವತಂತ್ರನಾದ ಒಕ್ಕಲಿಗನಿಗೆ ‘ಚೆಯೊರ್ಲ್’ ಎಂಬ ಹೆಸರಿತ್ತು. ದುಡಿದು ಉಣ್ಣುವ ಆ ಹೆಸರೂ ‘ಚರ್ಲ್’ ಎಂದಾಗಿ, ನಯವಿಲ್ಲದ ಒರಟನೆಂಬ ಅರ್ಥಕ್ಕೆ ಇಳಿಯಿತು. ಆದದರಿಂದ ಒಂದು ಹೆಸರು ಕೆಡುವದು ಹೊತ್ತವರ ನಡತೆಯಿಂದ ಮಾತ್ರವಲ್ಲ; ಕರೆಯುವವರ ಬಾಯಿಯಿಂದಲೂ ಕೆಡುತ್ತದೆ. ನಮ್ಮ ಹಿರಿಯರ ಜಾತಿಯ ಹೆಸರನ್ನು ಬೈಗುಳಾಗಿ ಕೇಳಿ ಬೆಳೆದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಆದರಣೆಯ ಸಂಗತಿಯೂ ಒಂದುಂಟು. ಸುವಾರ್ತೆಗಳನ್ನು ಹಳೆಯ ಇಂಗ್ಲಿಷಿಗೆ ತಿರುಗಿಸಿದವರು ‘ಶಿಷ್ಯ’ ಎಂಬದಕ್ಕೆ ‘ಲೆಯೊರ್ನಿಂಗ್‌ಕ್ನಿಹ್ಟ್’ ಎಂಬ ಮಾತನ್ನು ಉಪಯೋಗಿಸಿದರು. ಕಲಿಯುವ ಹುಡುಗನೆಂದು ಅರ್ಥ. ಪೇತ್ರನೂ ಯೋಹಾನನೂ ಅವರ ಭಾಷೆಯಲ್ಲಿ ಕಲಿಯುವ ಹುಡುಗರಾಗಿದ್ದರು. ರಾತ್ರಿಯ ಶಾಲೆಯಲ್ಲಿ ನರೆತ ತಲೆಯನ್ನು ಬೊಗ್ಗಿಸಿ ಅಕ್ಷರ ತಿದ್ದುವ ನಮ್ಮ ಹಿರಿಯರೇ, ಈ ಹೆಸರು ನಿಮ್ಮದು.

ಈಗ ಬಿದ್ದುಹೋದ ಮಾತುಗಳನ್ನು ನೋಡೋಣ. ‘ಗಾಸಿಪ್’ ಅಂದರೆ ಈಗ ಕಟ್ಟೆಯ ಮೇಲಿನ ಹರಟೆ, ಇಲ್ಲದವರ ಬೆನ್ನ ಹಿಂದೆ ಆಡುವ ಮಾತು. ಇದು ಹುಟ್ಟಿದ್ದು ದೀಕ್ಷಾಸ್ನಾನದ ತೊಟ್ಟಿಯ ಬಳಿಯಲ್ಲಿ. ‘ಗಾಡ್‌ಸಿಬ್’ ಅಂದರೆ ದೇವರಲ್ಲಿ ಸಂಬಂಧಿಕರು. ಮಗುವಿನ ಸ್ನಾನದ ವೇಳೆಯಲ್ಲಿ ಅದಕ್ಕೋಸ್ಕರ ಹೊಣೆಯಾಗಿ ನಿಲ್ಲುವವರಿಗೆ ಈ ಹೆಸರು. ಯಾರ್ಕಿನ ಮಹಾಧ್ಯಕ್ಷನಾದ ವುಲ್ಫ್‌ಸ್ಟಾನನು ೧೦೧೪ರ ಒಂದು ಪ್ರಸಂಗದಲ್ಲಿ, ಇಂಥ ಸಂಬಂಧಿಕರನ್ನು ಕೊಲ್ಲುವಷ್ಟು ದೇಶವು ಕೆಟ್ಟಿತೆಂದು ಗೋಳಾಡಿದ್ದಾನೆ. ಅಷ್ಟು ಪವಿತ್ರವಾದ ಸಂಬಂಧದ ಮಾತು ಮೊದಲು ಆಪ್ತಸ್ನೇಹಿತರಿಗೆ ಬಂತು. ಆಮೇಲೆ ಹೆರಿಗೆಯ ಮನೆಯಲ್ಲಿ ಕೂಡುವ ಗೆಳತಿಯರಿಗೆ. ಹದಿನಾರನೆಯ ಶತಮಾನದಲ್ಲಿ ಸುಮ್ಮನೆ ಹರಟುವವರಿಗೆ. ಕಡೆಗೆ ಆ ಹರಟೆಗೇ ಬಂದು ನಿಂತಿತು. ಯಾವನೂ ಒಂದು ದಿನ ಎದ್ದು ಈ ಮಾತನ್ನು ಕೆಡಿಸುತ್ತೇನೆಂದು ಹೇಳಲಿಲ್ಲ. ಹತ್ತಿರದವರೆಂಬ ಸಲಿಗೆಯಿಂದ ಆಡಿದ ಒಂದೊಂದು ಮಾತು ಅದನ್ನು ಒಂದೊಂದು ಮೆಟ್ಟಲು ಇಳಿಸಿತು.

‘ಸಿಲ್ಲಿ’ ಎಂಬದೂ ಹಾಗೆಯೇ ಇಳಿದ ಮಾತು. ಹಳೆಯ ಕಾಲದಲ್ಲಿ ಅದು ‘ಸೇಲಿಗ್’, ಅಂದರೆ ಧನ್ಯನು. ಧನ್ಯನು ನಿರಪರಾಧಿಯಾದನು, ನಿರಪರಾಧಿಯು ಅಯ್ಯೋ ಪಾಪವೆನ್ನಿಸಿಕೊಳ್ಳುವವನಾದನು, ಅವನು ಬಲಹೀನನಾದನು, ಕಡೆಗೆ ಬುದ್ಧಿಹೀನನಾದನು. ಇದರ ಸೋದರಮಾತು ಜರ್ಮನ್ ಭಾಷೆಯಲ್ಲಿ ಕೆಡದೆ ಉಳಿದಿದೆ. ೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನ ಬೋಧಕರು ಓದುತ್ತಿದ್ದ ಜರ್ಮನ್ ವೇದದಲ್ಲಿ, ಬೆಟ್ಟದ ಮೇಲಿನ ಪ್ರಸಂಗದ ಧನ್ಯತೆಯ ವಚನಗಳು ‘ಸೇಲಿಗ್’ ಎಂಬ ಮಾತಿನಿಂದಲೇ ಆರಂಭವಾಗುತ್ತವೆ. ಒಂದೇ ಬೀಜದ ಎರಡು ಸಸಿಗಳಲ್ಲಿ ಒಂದು ಧನ್ಯನೆಂದೂ ಒಂದು ಹುಚ್ಚನೆಂದೂ ಫಲಕೊಟ್ಟವು. ಸಾಧುವಾದವನನ್ನು ದಡ್ಡನೆಂದು ನಗುವದು ಲೋಕದ ವಾಡಿಕೆ. ಆ ನಗೆಯಲ್ಲಿ ನಾವೂ ಸೇರಿದರೆ ಮಾತು ಬೀಳದೆ ಏನಾಗುವದು?

ಬೀಳದೆ ನಿಂತ ಮಾತೂ ಒಂದುಂಟು. ‘ಗಾಸ್ಪೆಲ್’ ಎಂಬದು ಹಳೆಯ ಇಂಗ್ಲಿಷಿನ ‘ಗೋಡ್‌ಸ್ಪೆಲ್’. ‘ಗೋಡ್’ ಅಂದರೆ ಒಳ್ಳೇದು, ‘ಸ್ಪೆಲ್’ ಅಂದರೆ ವಾರ್ತೆ. ಸು ಎಂಬದನ್ನೂ ವಾರ್ತೆ ಎಂಬದನ್ನೂ ಕೂಡಿಸಿ ನಮ್ಮವರು ಸುವಾರ್ತೆಯೆಂದು ಹೇಳಿದ ಹಾಗೆಯೇ, ಗ್ರೀಕ್ ಮಾತನ್ನು ಮುರಿದು ತಮ್ಮ ಹೊಲದ ಮಾತುಗಳಿಂದಲೇ ಅವರು ಇದನ್ನು ಕಟ್ಟಿಕೊಂಡರು. ಅದೇ ‘ಸ್ಪೆಲ್’ ಎಂಬ ಮಾತು ಬೇರೆ ದಾರಿಯನ್ನು ಹಿಡಿದು ಮಾಟಮಂತ್ರವೆಂಬ ಅರ್ಥಕ್ಕೂ ಹೋಯಿತು. ಒಂದೇ ನಾಲಿಗೆಯ ಒಂದೇ ಮಾತು ಒಂದು ಮನೆಯಲ್ಲಿ ಸುವಾರ್ತೆ, ಇನ್ನೊಂದು ಮನೆಯಲ್ಲಿ ಮಾಟ.

ಕಸುಬಿನ ಹೆಸರುಗಳನ್ನೂ ನಾವು ಮರೆಯಬಾರದು. ಯಾಕಂದರೆ ನಮ್ಮಲ್ಲಿ ಅನೇಕರಿಗೆ ನಾಚಿಕೆಯು ಅಲ್ಲಿಯೇ ಇದೆ. ಇಂಗ್ಲೆಂಡಿನಲ್ಲಿ ಹನ್ನೆರಡನೆಯ ಶತಮಾನದಿಂದ ಮುಂದೆ ಮನೆತನದ ಹೆಸರುಗಳು ನೆಲೆಯಾಗತೊಡಗಿದಾಗ ಅನೇಕರಿಗೆ ಅವರ ಕಸುಬೇ ಹೆಸರಾಯಿತು. ಸ್ಮಿತ್ ಅಂದರೆ ಕಮ್ಮಾರನು, ಪಾಟರ್ ಅಂದರೆ ಕುಂಬಾರನು, ವೆಬ್‌ಸ್ಟರ್ ಅಂದರೆ ನೇಯುವವರು, ಶೆಪರ್ಡ್ ಅಂದರೆ ಕುರುಬನು, ಟ್ಯಾನರ್ ಅಂದರೆ ತೊಗಲು ಹದಮಾಡುವವನ ಹೆಸರು. ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮನೆತನಗಳಿಗೆ ಇರುವದು ಕಮ್ಮಾರನ ಹೆಸರೇ. ಆದರೆ ಒಂದು ಭೇದವನ್ನು ತಿಳಿದುಕೊಳ್ಳಿರಿ. ಅಲ್ಲಿ ಸ್ಮಿತ್ ಎಂಬವನ ಮಗನು ಸುತ್ತಿಗೆ ಹಿಡಿಯಬೇಕೆಂಬ ಕಟ್ಟಳೆಯಿಲ್ಲ, ಟ್ಯಾನರನ ಮಗನಿಗೆ ಬಾವಿಯ ನೀರನ್ನು ಸೇದಬೇಡವೆಂದು ಹೇಳುವವರಿಲ್ಲ. ನಮ್ಮಲ್ಲಿ ಕಸುಬಿನ ಹೆಸರು ಕೊರಳಿಗೆ ಕಟ್ಟಿದ ಹಗ್ಗವಾಗಿತ್ತು. ಆ ಹಗ್ಗವನ್ನು ಹರಿಯುವದು ನ್ಯಾಯವೇ. ದುಡಿದ ಕೈಯನ್ನು ಹೇಸುವದು ನ್ಯಾಯವಲ್ಲ. ಪೇತ್ರನು ಯೊಪ್ಪ ಪಟ್ಟಣದಲ್ಲಿ ಇಳಿದುಕೊಂಡದ್ದು ತೊಗಲು ಹದಮಾಡುವ ಸೀಮೋನನ ಮನೆಯಲ್ಲಿ. ಯೆಹೂದ್ಯರು ಅಶುದ್ಧವೆಂದೆಣಿಸಿದ ಆ ಕಸುಬನ್ನು ಸತ್ಯವೇದವು ಮರೆಮಾಡಲಿಲ್ಲ. ಅಪೊಸ್ತಲರ ಕೃತ್ಯಗಳ ೧೦ನೆಯ ಅಧ್ಯಾಯವನ್ನು ಓದಿ ನೋಡಿರಿ: ದೇವದೂತನು ಕೊರ್ನೇಲ್ಯನಿಗೆ ಮನೆಯ ಗುರುತನ್ನು ಹೇಳುವಾಗ ಆ ಕಸುಬನ್ನೇ ಹೇಳಿದನು.

ಪ್ರಿಯರೇ, ಇಷ್ಟು ಹೇಳಿದ್ದರಿಂದ ನಾವು ಕಲಿಯತಕ್ಕದ್ದೇನು?

ಮೊದಲನೆಯದಾಗಿ, ಮಗುವಿಗೆ ಹೆಸರಿಡುವಾಗ ಅದರ ಅರ್ಥವನ್ನು ಕೇಳಿರಿ. ಅಜ್ಜನ ಹೆಸರಾಗಲಿ, ಸತ್ಯವೇದದ ಹೆಸರಾಗಲಿ, ನಮ್ಮ ಭಾಷೆಯ ಒಂದು ಒಳ್ಳೇ ಮಾತಾಗಲಿ, ತಾಯಿಯ ಬಾಯಿಗೆ ಬರುವ ಹೆಸರಾಗಿರಲಿ. ಇಂಗ್ಲಿಷ್ ಹೆಸರನ್ನು ಈಗಾಗಲೇ ಹೊತ್ತವರು ಕಳವಳಪಡಬೇಡಿರಿ. ಎಡ್ವರ್ಡನು ತನ್ನ ಸಭೆಯ ಐಶ್ವರ್ಯವಾದ ಬಡವರನ್ನು ಕಾಯಲಿ, ಅವನ ಹೆಸರು ನಿಜವಾಗುವದು. ಉಪದೇಶಿಗಳಾದ ನಾವು ಹೆಸರನ್ನು ತಿದ್ದುವದಕ್ಕೆ ಮುಂಚೆ ಅದರ ಕಥೆಯನ್ನು ಕೇಳಬೇಕು.

ಎರಡನೆಯದಾಗಿ, ನಮ್ಮ ಕೈಗೆ ಬಂದಿರುವ ಹೆಸರುಗಳನ್ನು ಬೀಳಗೊಡಬಾರದು. ಅಂತಿಯೋಕ್ಯದಲ್ಲಿ ಶಿಷ್ಯರಿಗೆ ಮೊದಲಾಗಿ ಕ್ರೈಸ್ತರೆಂಬ ಹೆಸರು ಬಂತು. ಅದು ಅವರು ತಾವೇ ಇಟ್ಟುಕೊಂಡ ಹೆಸರೆಂದು ಅಲ್ಲಿ ಬರೆದಿಲ್ಲ, ನೋಡಿದವರು ಕರೆದರು. ನಮ್ಮ ಊರಿನ ಸಂತೆಯಲ್ಲಿ ಆ ಹೆಸರನ್ನು ಕೇಳಿದಾಗ ಜನರ ಮನಸ್ಸಿಗೆ ಏನು ತೋರುತ್ತದೆ? ಸರಿಯಾದ ತೂಕವೋ, ತೀರಿಸಿದ ಸಾಲವೋ, ಕುಡಿಯದೆ ಮನೆಗೆ ಬರುವ ಗಂಡನೋ? ಅಥವಾ ಇವುಗಳಿಗೆ ವಿರೋಧವಾದದ್ದೋ? ‘ಸಹೋದರ’ ಎಂಬ ಮಾತನ್ನು ಆದಿತ್ಯವಾರ ಆಡಿ ಸೋಮವಾರ ಕೋರ್ಟಿಗೆ ಎಳೆದರೆ, ಗಾಡ್‌ಸಿಬ್ಬಿಗೆ ಆದ ಗತಿಯೇ ಅದಕ್ಕೂ ಆಗುವದು.

ಮೂರನೆಯದಾಗಿ, ನಮ್ಮ ಬಾಯಿಯಿಂದ ಯಾರ ಹೆಸರೂ ಕೆಡದಿರಲಿ. ತಿರಸ್ಕಾರದ ರುಚಿಯನ್ನು ಕಂಡ ನಾವು ನಮಗಿಂತ ಕೆಳಗಿನವರೆಂದು ಲೋಕವು ಹೇಳುವವರನ್ನು ಅದೇ ದನಿಯಲ್ಲಿ ಕೂಗುವದು ದೊಡ್ಡ ಪಾಪ.

ಕಡೆಗೆ ಆ ವೃದ್ಧೆಯ ಸಂಗತಿ. ನಾವು ಆಕೆಯ ಮನೆಗೆ ಹೋಗಿ ಕ್ಷಮೆ ಬೇಡಿದೆವು. ನಡೆದದ್ದನ್ನು ಬೋಧಕರಿಗೆ ತಿಳಿಸಿದಾಗ ಅವರು ಸಭೆಯ ಪುಸ್ತಕದಲ್ಲಿ ಈಡಿತ್ ಎಂಬದರ ಪಕ್ಕದಲ್ಲಿ ಆಕೆಯ ತಾಯಿಯಿಟ್ಟ ಹೆಸರನ್ನು ಬರೆಯಿಸಿದರು. ಆಕೆ ನಮ್ಮನ್ನು ಪುನಃ, “ಆ ಹೆಸರಿನ ಅರ್ಥ ಸಿಕ್ಕಿತಾ ಅಯ್ಯನವರೇ?” ಎಂದು ಕೇಳಿದಳು. ಐಶ್ವರ್ಯ, ಯುದ್ಧ ಎಂದು ಹೇಳಿದೆವು. ಆಕೆ ನಕ್ಕು, “ಎರಡೂ ನಮ್ಮ ಮನೇಲಿಲ್ಲ ಬಿಡಿ” ಅಂದಳು. ಮುಂದಿನ ಆದಿತ್ಯವಾರ ಆಕೆಯ ಹೆಸರನ್ನು ಕೂಗಿದೆವು. ಯಾರೂ ತಿವಿಯಬೇಕಾಗಲಿಲ್ಲ, ಕೂಗಿ ಮುಗಿಯುವದಕ್ಕೆ ಮುಂಚೆಯೇ ಆಕೆ ಎದ್ದು ನಿಂತಿದ್ದಳು.

ಆಕೆ ಈಗ ಕರ್ತನಲ್ಲಿ ನಿದ್ರಿಸುತ್ತಾಳೆ. ಕುರುಬನು ತನ್ನವರನ್ನು ಕೂಗುವ ಆ ಬೆಳಿಗ್ಗೆ ಆಕೆಯನ್ನು ಯಾವ ಹೆಸರಿನಿಂದ ಕರೆಯುವನೆಂಬ ಸಂಶಯವು ನಮಗಿಲ್ಲ. ತಿಪ್ಪೆಯಿಂದ ಬಡವನನ್ನು ಎತ್ತುವಾತನಿಗೆ ಆ ಹೆಸರು ಹೊಸದಲ್ಲ. ನಮ್ಮ ನಮ್ಮ ಹೆಸರನ್ನು ಕೂಗುವಾಗ ನಾವೂ ಹಾಗೆಯೇ ಎದ್ದು ನಿಲ್ಲುವ ಕೃಪೆಯನ್ನು ಆತನು ನಮಗೆ ಅನುಗ್ರಹಿಸಲಿ. ಆಮೆನ್.